ಬಾವಲಿ ಕುರುಡೇ? ತಿಮಿಂಗಿಲದ ಗುಟ್ಟಿಗೂ ದಾರಿ ತೋರಿದ ಪಾದ್ರಿಯ ಕಥೆ

ಹುಲಿಕುಂಟೆ ಕಡೆಯ ಯಾವ ಊರಲ್ಲಾದರೂ ಮುಸ್ಸಂಜೆ ಬೀದಿದೀಪದ ಬಳಿ ನಿಂತು ನೋಡಿ. ಪುಟ್ಟ ಬಾವಲಿಗಳು ಕರೆಂಟ್ ತಂತಿಗೆ ತಗಲದೆ ಹುಳ ಹಿಡಿಯುತ್ತಿರುತ್ತವೆ. ಬಾವಲಿಗೆ ಕಣ್ಣು ಕಾಣಿಸುವುದಿಲ್ಲ ಎಂಬ ಮಾತು ನೀವೂ ಕೇಳಿರಬಹುದು. ಅದು ತಪ್ಪು. ಎಲ್ಲ ಬಾವಲಿಗೂ ಕಣ್ಣು ಕಾಣುತ್ತದೆ. ಆಲದ ಮರದಲ್ಲಿ ನೇತಾಡುವ, ಹಣ್ಣು ತಿನ್ನುವ ದೊಡ್ಡ ಬಾವಲಿಯಂತೂ ಕಣ್ಣನ್ನೇ ನಂಬಿ ಹಾರುತ್ತದೆ.

ಹಾಗಾದರೆ ಪುಟ್ಟ ಬಾವಲಿ ಗಾಢ ಕತ್ತಲಲ್ಲಿ ದಾರಿ ಕಂಡುಕೊಳ್ಳುವುದು ಹೇಗೆ? ಇದನ್ನು ಪ್ರಯೋಗ ಮಾಡಿ ಹುಡುಕಿದವರು ಲಾಜರೊ ಸ್ಪಲ್ಲಂಜಾನಿ. 1729ರಲ್ಲಿ ಇಟಲಿಯ ಸ್ಕಾಂಡಿಯಾನೋದಲ್ಲಿ ಹುಟ್ಟಿದ ಇವರು ಓದಲು ಹೋದದ್ದು ಕಾನೂನು, ಆದದ್ದು ಪಾದ್ರಿ, ಹೆಸರು ಮಾಡಿದ್ದು ವಿಜ್ಞಾನದಲ್ಲಿ. ಚೆನ್ನಾಗಿ ಕುದಿಸಿ ಗಾಳಿಯಾಡದಂತೆ ಮುಚ್ಚಿಟ್ಟ ಸಾರಿನಲ್ಲಿ ಸೂಕ್ಷ್ಮಜೀವಿಗಳು ತಾವಾಗಿ ಹುಟ್ಟುವುದಿಲ್ಲ ಎಂದು ತೋರಿಸಿಕೊಟ್ಟವರೂ ಇವರೇ.

1793ರಲ್ಲಿ, ಅರವತ್ತು ದಾಟಿದ ಮೇಲೆ, ಅವರೊಂದು ಸಂಗತಿ ಗಮನಿಸಿದರು. ಮೇಣದಬತ್ತಿ ಆರಿದರೆ ಗೂಬೆ ಗೋಡೆಗೆ ಬಡಿದುಕೊಳ್ಳುತ್ತಿತ್ತು, ಬಾವಲಿ ಮಾತ್ರ ಸಲೀಸಾಗಿ ಹಾರುತ್ತಿತ್ತು. ಕಣ್ಣು ತೆಗೆದ ಬಾವಲಿಗಳೂ ಹಾರಿದವು, ಹೊಟ್ಟೆ ತುಂಬ ಹುಳ ತಿಂದವು. ಇಂದು ಯಾರೂ ಒಪ್ಪದ ಕ್ರೂರ ಪ್ರಯೋಗ ಅದು. ಆಮೇಲೆ ಜಿನೀವಾದ ವೈದ್ಯ ಲೂಯಿ ಜುರೀನ್ ಬಾವಲಿಗಳ ಕಿವಿ ಮುಚ್ಚಿ ನೋಡಿದರು. ಅವು ಎದುರು ಸಿಕ್ಕಿದ್ದಕ್ಕೆಲ್ಲ ಡಿಕ್ಕಿ ಹೊಡೆದವು. ಸ್ಪಲ್ಲಂಜಾನಿ ಅದನ್ನು ತಕ್ಷಣ ನಂಬಲಿಲ್ಲ, ತಾವೇ ಮತ್ತೆ ಮತ್ತೆ ಮಾಡಿ ನೋಡಿದರು. ಫಲಿತಾಂಶ ಅದೇ ಬಂತು. ಬಾವಲಿ ದಾರಿ ಹುಡುಕುವುದು ಕಿವಿಯಿಂದ!

ಆದರೆ ಬಾವಲಿ ಸದ್ದೇ ಮಾಡುವುದಿಲ್ಲವಲ್ಲ, ಕಿವಿಗೇನು ಕೆಲಸ ಎಂದು ಜನ ನಕ್ಕರು. ಆ ಕಾಲದ ಬಹುದೊಡ್ಡ ಪ್ರಾಣಿಶಾಸ್ತ್ರಜ್ಞ, ಫ್ರಾನ್ಸಿನ ಜಾರ್ಜ್ ಕ್ಯೂವಿಯೇ, ಬಾವಲಿ ರೆಕ್ಕೆಯ ಸ್ಪರ್ಶದಿಂದಲೇ ತಿಳಿಯುತ್ತದೆ ಎಂದರು. ದೊಡ್ಡವರ ಮಾತು, ಎಲ್ಲರೂ ನಂಬಿದರು. 1799ರಲ್ಲಿ ಸ್ಪಲ್ಲಂಜಾನಿ ತೀರಿಕೊಂಡಾಗ ಒಗಟು ಒಗಟಾಗಿಯೇ ಉಳಿದಿತ್ತು.

ಉತ್ತರದ ಸುಳಿವು ಸಿಕ್ಕಿದ್ದು 1938ರಲ್ಲಿ. ಬಾವಲಿ ನಮ್ಮ ಕಿವಿಗೆ ಕೇಳಿಸದಷ್ಟು ಕೀಚಲು ದನಿಯಲ್ಲಿ ಕೂಗುತ್ತದೆ ಎಂದು ಹಾರ್ವರ್ಡ್‌ನ ಡೊನಾಲ್ಡ್ ಗ್ರಿಫಿನ್ ಮತ್ತು ಜಿ.ಡಬ್ಲ್ಯೂ. ಪಿಯರ್ಸ್ ಯಂತ್ರದ ಮೂಲಕ ಪತ್ತೆ ಹಚ್ಚಿದರು. ಅದರ ಮಾರ್ದನಿ ಆಲಿಸಿಯೇ ಬಾವಲಿ ದಾರಿ ಹುಡುಕುತ್ತದೆ ಎಂಬುದು ಆಮೇಲಿನ ಪ್ರಯೋಗಗಳಲ್ಲಿ ಖಚಿತವಾಯಿತು.

ಇದೇ ವಿದ್ಯೆ ಸಮುದ್ರದಲ್ಲೂ ಇದೆ. ಸುಮಾರು 3 ಕಿಲೋಮೀಟರ್ ಆಳದವರೆಗೆ ಮುಳುಗುವ ಒಂದು ಕೊಕ್ಕಿನ ತಿಮಿಂಗಿಲವಿದೆ. ಅಲ್ಲಿ ಬೆಳಕೇ ಇಲ್ಲ. ವಿಜ್ಞಾನಿಗಳು ಅದರ ಬೆನ್ನಿಗೆ ಪುಟ್ಟ ರೆಕಾರ್ಡರ್ ಅಂಟಿಸಿ ಆಲಿಸಿದ್ದಾರೆ. ನೀರಿನ ಮೇಲ್ಭಾಗದಲ್ಲಿ ಅದು ಮೌನ. ಆಳಕ್ಕಿಳಿದ ಮೇಲೆ ಕ್ಲಿಕ್, ಕ್ಲಿಕ್. ಬೇಟೆ ಹತ್ತಿರವಾದಂತೆ ಕ್ಲಿಕ್‌ಗಳು ಒಂದರ ಹಿಂದೊಂದು ಸೇರಿ ಝೇಂಕಾರವಾಗುತ್ತವೆ. ಆ ಸದ್ದೂ ಹೆಚ್ಚಾಗಿ ನಮ್ಮ ಕಿವಿಗೆ ನಿಲುಕದ್ದು.

ಈ ತಿಮಿಂಗಿಲದ ಹೆಸರು ಗೊತ್ತೇ? ಕ್ಯೂವಿಯೇ ಕೊಕ್ಕಿನ ತಿಮಿಂಗಿಲ! 1823ರಲ್ಲಿ ಅದರ ತಲೆಬುರುಡೆಯನ್ನು ವರ್ಣಿಸಿದ ಕ್ಯೂವಿಯೇ, ಅದು ಅಳಿದುಹೋದ ಪ್ರಾಣಿ ಎಂದೇ ತಿಳಿದಿದ್ದರು. ಅದು ಈಗಲೂ ಸಮುದ್ರದಲ್ಲಿ ಜೀವಂತವಾಗಿದೆ, ಅವರು ಒಪ್ಪದ ವಿದ್ಯೆಯಿಂದಲೇ ಹೊಟ್ಟೆ ಹೊರೆಯುತ್ತಿದೆ.

ಮುಂದಿನ ಸಲ ದೊಡ್ಡ ಹೆಸರು ಹೊತ್ತ ಫಾರ್ವರ್ಡ್ ಬಂದಾಗ ಹೇಳಿದ್ದು ಯಾರು ಎಂದಷ್ಟೇ ನೋಡಬೇಡಿ. ಪರೀಕ್ಷಿಸಿ ನೋಡಿದ್ದಾರೆಯೇ ಎಂದೂ ಕೇಳಿ.