ಶಿಲೆಗೆ ಹೆಸರಿಟ್ಟ ರಾಬರ್ಟ್ ಬ್ರೂಸ್ ಫುಟ್

ಬಳ್ಳಾರಿಯಿಂದ ಕುರುಗೋಡು, ಸಿರುಗುಪ್ಪಗಳ ಕಡೆಗೆ ಸಾಗಿದರೆ ಎರೆಯ ಬಯಲೂ ನಡುನಡುವೆ ತಲೆಯೆತ್ತಿದ ಬೋಳುಬಂಡೆಯ ಗುಡ್ಡಗಳೂ ಕಾಣುತ್ತವೆ. ಪಶ್ಚಿಮಕ್ಕೆ, ಸೊಂಡೂರಿನತ್ತ ಹೊರಳಿದರೆ ನೆಲದ ಬಣ್ಣವೇ ಬೇರೆ. ಅಲ್ಲಿ ಕಬ್ಬಿಣದ ಅದಿರನ್ನು ಹೊತ್ತ ಕೆಂಪು ಬೆಟ್ಟಸಾಲು. ಈ ಎರಡು ಬಗೆಯ ಶಿಲೆಗಳನ್ನು ಬೇರ್ಪಡಿಸಿ, ಎರಡನೆಯದಕ್ಕೆ ಇಂದಿಗೂ ಅಳಿಯದ ಹೆಸರನ್ನಿತ್ತವರು ರಾಬರ್ಟ್ ಬ್ರೂಸ್ ಫುಟ್.

೧೮೩೪ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ ಹುಟ್ಟಿದ ಫುಟ್, ೧೮೫೮ರಲ್ಲಿ ಭಾರತದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯನ್ನು ಸೇರಿದರು. ೧೮೬೩ರ ಮೇ ೩೦ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಅವರಿಗೆ ದೊರೆತ ಶಿಲಾಯುಗದ ಕಲ್ಲಿನ ಆಯುಧವು ಅವರ ಕೀರ್ತಿಗೆ ಕಾರಣವಾಯಿತು. ಪಾಠಪುಸ್ತಕಗಳು ಅಷ್ಟಕ್ಕೇ ನಿಲ್ಲುತ್ತವೆ.

ದಕ್ಷಿಣದ ಪದರುಶಿಲೆಗಳನ್ನು ಅದುವರೆಗೆ ಹಳೆಯ ಬಂಡೆಗಳ ಗುಂಪಿನಲ್ಲಿಯೇ ಎಣಿಸುತ್ತಿದ್ದರು. ಫುಟ್ ಅವನ್ನು ಪ್ರತ್ಯೇಕಿಸಿ ೧೮೮೦ರ ದಶಕದಲ್ಲಿ ಧಾರವಾಡ ಶಿಲಾಶ್ರೇಣಿ ಎಂದು ಕರೆದರು. ಕೋಲಾರದ ಚಿನ್ನ ದೊರೆಯುವುದೂ ಈ ಶ್ರೇಣಿಯಲ್ಲಿಯೇ. ಸ್ವರ್ಣಶಿಲೆಯೆಂದು ಹೆಸರಿಟ್ಟಿದ್ದರೆ ಬಂಡವಾಳಗಾರರು ಹಿಗ್ಗುತ್ತಿದ್ದರು. ಆದರೆ ಈ ಶಿಲೆಯಿದ್ದಲ್ಲೆಲ್ಲ ಚಿನ್ನವಿಲ್ಲ! ಊರಿನ ಹೆಸರಿಗೆ ಆ ತೊಡಕಿಲ್ಲ. ಸಂಶಯವುಳ್ಳವನು ಧಾರವಾಡದ ಸೀಮೆಗೆ ಹೋಗಿ ಕಲ್ಲನ್ನು ಒಡೆದು ನೋಡಬಹುದು. ಇಂದು ಸಾಫ್ಟ್‌ವೇರಿನ ಒಂದೊಂದು ಮಾಡ್ಯೂಲಿಗೂ ಹೆಸರು ಹುಡುಕುವ ನಮ್ಮ ತರುಣರ ಮುಂದಿರುವುದೂ ಇದೇ ಪ್ರಶ್ನೆ: ಬರೆದವನ ಊಹೆಯನ್ನಲ್ಲದೆ, ಬಳಸುವವನು ತಾನೇ ಪರೀಕ್ಷಿಸಬಹುದಾದುದನ್ನು ಹೆಸರು ತಿಳಿಸಬೇಕು.

ಈ ಶಿಲೆಗಳು ಹಳೆಯ ಬಂಡೆಯ ಮೇಲೆ ನೆಲೆಗೊಂಡವೆಂಬುದು ಫುಟ್ ಅವರ ಮತ. ಅವರ ತರುವಾಯ ಮೈಸೂರಿನ ಸ್ಮೀತ್ ಅದನ್ನು ತಲೆಕೆಳಗು ಮಾಡಿ, ಬಂಡೆಯೇ ಕಿರಿದೆಂದು ವಾದಿಸಿದರು. ವಾದವು ದಶಕಗಳ ಕಾಲ ನಡೆಯಿತು. ಇಬ್ಬರೂ ಆಡಿದ ಹೆಸರು ಮಾತ್ರ ಒಂದೇ. ಮುಂದೆ ಆ ಹೆಸರಿನೊಳಗಿದ್ದ ಹೆಚ್ಚು ಪ್ರಾಚೀನವಾದ ಕೆಲವು ಶಿಲೆಗಳನ್ನು ಬೇರ್ಪಡಿಸಿದಾಗಲೂ ವಿಜ್ಞಾನಿಗಳು ಊರನ್ನೇ ಅರಸಿದರು. ಅವು ಸರಗೂರು ಶಿಲೆಗಳಾದವು.

ಫುಟ್ ೧೮೯೧ರಲ್ಲಿ ನಿವೃತ್ತರಾದರು. ೧೮೯೪ರಲ್ಲಿ ಮೈಸೂರು ಸಂಸ್ಥಾನವು ತೆರೆದ ಭೂವಿಜ್ಞಾನ ಇಲಾಖೆಗೆ ಅವರೇ ಮೊದಲ ಮುಖ್ಯಸ್ಥರು. ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತ ಅವರ ಗ್ರಂಥ ಹೊರಬಂದುದು ೧೮೯೫ರಲ್ಲಿ. ಬಳ್ಳಾರಿಯ ಸುತ್ತಣ ಗುಡ್ಡಗಳಲ್ಲಿ ಆಯ್ದ ಕಲ್ಗೊಡಲಿಗಳೂ ಸೇರಿದ ಅವರ ಸಂಗ್ರಹವನ್ನು ೧೯೦೪ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯವು ಕೊಂಡಿತು. ೧೯೧೨ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಅವರು ತೀರಿಕೊಂಡಾಗ ಆ ಸಂಗ್ರಹದ ವಿವರಪಟ್ಟಿ ಇನ್ನೂ ಅಚ್ಚಾಗಿರಲಿಲ್ಲ.