ಗಣಕದ ಒಡಲಿಗೆ ಬಾಗಿಲು ತೆರೆದ ಡೆನಿಸ್ ರಿಚಿ

ಗಣಕದಲ್ಲಿ ಕಡತವೊಂದನ್ನು ತೆರೆಯುವಾಗ, ಮೊಬೈಲಿನಲ್ಲಿ ಛಾಯಾಚಿತ್ರವನ್ನು ಉಳಿಸುವಾಗ ಅಥವಾ ಸಂದೇಶವೊಂದನ್ನು ಕಳುಹಿಸುವಾಗ ಬಳಕೆದಾರರ ಕಣ್ಣಿಗೆ ಬೀಳದ ವ್ಯವಹಾರವೊಂದು ಯಂತ್ರದೊಳಗೆ ನಡೆಯುತ್ತದೆ. ಪ್ರೋಗ್ರಾಂ ತಾನಾಗಿಯೇ ಡಿಸ್ಕನ್ನು ಮುಟ್ಟುವಂತಿಲ್ಲ. ಅದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಮನವಿ ಸಲ್ಲಿಸಬೇಕು. ಕರ್ನಲ್ ಆ ಕೆಲಸವನ್ನು ನೆರವೇರಿಸಿ ಫಲಿತಾಂಶವನ್ನು ಮರಳಿಸುತ್ತದೆ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ಯಾರೂ ನುಗ್ಗುವಂತಿಲ್ಲ, ಕಿಟಕಿಯಲ್ಲಿ ಅರ್ಜಿ ಕೊಟ್ಟು ದಾಖಲೆ ಪಡೆಯಬೇಕು ಎಂಬಂತೆಯೇ ಇದು. ಈ ಮನವಿಗೆ ಸಿಸ್ಟಂ ಕಾಲ್ ಎಂದು ಹೆಸರು. ಆ ಕಿಟಕಿಯನ್ನು ಸಾಮಾನ್ಯ ಪ್ರೋಗ್ರಾಮರ್‌ಗಳ ಕೈಗೆಟುಕುವಂತೆ ಮಾಡಿದವರಲ್ಲಿ ಅಗ್ರಗಣ್ಯರು ಸಿ ಭಾಷೆಯ ಜನಕ ಡೆನಿಸ್ ರಿಚಿ.

ರಿಚಿ ಜನಿಸಿದ್ದು 1941ರ ಸೆಪ್ಟೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ತಂದೆ ಅಲಿಸ್ಟೇರ್ ರಿಚಿ ಬೆಲ್ ಪ್ರಯೋಗಾಲಯದ ವಿಜ್ಞಾನಿ. ಮಗ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮೊದಲು ಭೌತವಿಜ್ಞಾನವನ್ನೂ ಬಳಿಕ ಅನ್ವಯಿಕ ಗಣಿತವನ್ನೂ ಅಭ್ಯಾಸ ಮಾಡಿದರು. 1968ರಲ್ಲಿ ಸಂಶೋಧನಾ ಪ್ರಬಂಧವನ್ನು ಬರೆದು ಮುಗಿಸಿದರೂ ಡಾಕ್ಟರೇಟ್ ಪದವಿಯನ್ನು ಅವರು ವಿಧ್ಯುಕ್ತವಾಗಿ ಪಡೆಯಲೇ ಇಲ್ಲ. ಅದಕ್ಕೆ ಒಂದು ವರ್ಷ ಮೊದಲೇ, 1967ರಲ್ಲಿ, ತಂದೆಯ ಹಾದಿಯಲ್ಲೇ ನಡೆದು ಬೆಲ್ ಪ್ರಯೋಗಾಲಯವನ್ನು ಸೇರಿಯಾಗಿತ್ತು.

ಆಗ ಬೆಲ್ ಸಂಸ್ಥೆಯು ಎಂಐಟಿ ಮತ್ತು ಜನರಲ್ ಎಲೆಕ್ಟ್ರಿಕ್ ಜೊತೆಗೂಡಿ ಮಲ್ಟಿಕ್ಸ್ ಎಂಬ ಬೃಹತ್ ಆಪರೇಟಿಂಗ್ ಸಿಸ್ಟಂ ನಿರ್ಮಾಣದಲ್ಲಿ ತೊಡಗಿತ್ತು. ಯೋಜನೆ ಕುಂಟುತ್ತಾ ಸಾಗಿದಾಗ 1969ರಲ್ಲಿ ಬೆಲ್ ಅದರಿಂದ ಹೊರಬಂದಿತು. ಸಹೋದ್ಯೋಗಿ ಕೆನ್ ಥಾಂಪ್ಸನ್ ಅದೇ ವರ್ಷ ಪಿಡಿಪಿ-7 ಎಂಬ ಹಳೆಯ ಪುಟ್ಟ ಯಂತ್ರದ ಮೇಲೆ ಹೊಸ ವ್ಯವಸ್ಥೆಯೊಂದನ್ನು ಕಟ್ಟತೊಡಗಿದರು. ರಿಚಿ ಅವರಿಗೆ ಹೆಗಲು ಕೊಟ್ಟರು. ಅದೇ ಯುನಿಕ್ಸ್.

ಆರಂಭದ ಯುನಿಕ್ಸ್ ಸಂಪೂರ್ಣವಾಗಿ ಅಸೆಂಬ್ಲಿ ಭಾಷೆಯಲ್ಲಿತ್ತು. ಈ ಭಾಷೆ ಯಂತ್ರಕ್ಕೆ ಹತ್ತಿರ, ಮನುಷ್ಯರಿಗೆ ದೂರ. ಕಡತ ತೆರೆಯಲು ಸಹ ನಿಗದಿತ ಜಾಗಗಳಲ್ಲಿ ಬೆಲೆಗಳನ್ನಿಟ್ಟು ವಿಶೇಷ ಆಜ್ಞೆಯ ಮೂಲಕ ಕರ್ನಲ್‌ನ ಕದ ತಟ್ಟಬೇಕು. ಯಂತ್ರ ಬದಲಾದರೆ ಬರೆದದ್ದೆಲ್ಲ ವ್ಯರ್ಥ. ಥಾಂಪ್ಸನ್ ರೂಪಿಸಿದ್ದ ಬಿ ಭಾಷೆ ಸರಳವಾಗಿದ್ದರೂ ಹೊಸದಾಗಿ ಬಂದ ಪಿಡಿಪಿ-11 ಯಂತ್ರಕ್ಕೆ ಒಗ್ಗಲಿಲ್ಲ. 1971ರಿಂದ ರಿಚಿ ಅದನ್ನು ತಿದ್ದುತ್ತಾ, ದತ್ತಾಂಶಗಳಿಗೆ ಬಗೆಬಗೆಯ ಪ್ರಕಾರಗಳನ್ನು ಸೇರಿಸುತ್ತಾ ಸಿ ಭಾಷೆಯನ್ನು ರೂಪಿಸಿದರು.

ಆಪರೇಟಿಂಗ್ ಸಿಸ್ಟಂ ಬರೆಯಲು ಇಂಥ ಭಾಷೆ ಸಾಲದು, ವೇಗ ಕುಗ್ಗುತ್ತದೆ ಎಂಬ ಶಂಕೆ ಆಗ ವ್ಯಾಪಕವಾಗಿತ್ತು. ಮೊದಲ ಯತ್ನವೂ ಆ ಶಂಕೆಗೆ ಪುಷ್ಟಿ ನೀಡುವಂತೆಯೇ ಇತ್ತು. 1972ರಲ್ಲಿ ಕರ್ನಲ್ಅನ್ನು ಸಿ ಭಾಷೆಗೆ ಪರಿವರ್ತಿಸಲು ಹೊರಟ ಥಾಂಪ್ಸನ್ ಕೈಚೆಲ್ಲಿದರು. ಹಲವು ಬಗೆಯ ಮಾಹಿತಿಯನ್ನು ಒಂದೇ ಕಟ್ಟಿನಲ್ಲಿ ಹಿಡಿದಿಡುವ ಸೌಲಭ್ಯ ಭಾಷೆಯಲ್ಲಿರಲಿಲ್ಲ. ರಿಚಿ ಆ ಕೊರತೆಯನ್ನು ತುಂಬಿದರು. 1973ರ ಬೇಸಿಗೆಯಲ್ಲಿ ಕರ್ನಲ್ ಸಿ ಭಾಷೆಯಲ್ಲಿ ಮರುಹುಟ್ಟು ಪಡೆಯಿತು. ಗಾತ್ರ ಸುಮಾರು ಮೂರನೇ ಒಂದು ಭಾಗದಷ್ಟು ಹಿಗ್ಗಿತು. ಆದರೆ ಓದಿ ಅರ್ಥೈಸಿಕೊಳ್ಳುವ, ತಿದ್ದುವ ಸೌಕರ್ಯದ ಮುಂದೆ ಆ ಬೆಲೆ ದೊಡ್ಡದೆನಿಸಲಿಲ್ಲ.

ರಿಚಿ ಅವರ ಜಾಣ್ಮೆ ಎದ್ದು ಕಾಣುವುದು ಅವರು ಸಿ ಭಾಷೆಗೆ ಸೇರಿಸದೆ ಬಿಟ್ಟ ಸಂಗತಿಯಲ್ಲಿ. ಫೋರ್ಟ್ರಾನ್‌ನಂತಹ ಭಾಷೆಗಳಲ್ಲಿ ಓದುವ, ಬರೆಯುವ ಆಜ್ಞೆಗಳು ಭಾಷೆಯ ಅಂಗವೇ ಆಗಿದ್ದವು. ಸಿ ಭಾಷೆಯಲ್ಲಿ ಅಂತಹ ಒಂದು ಆಜ್ಞೆಯೂ ಇಲ್ಲ. ಓಪನ್, ರೀಡ್, ರೈಟ್, ಕ್ಲೋಸ್ ಎಂಬ ಸಿಸ್ಟಂ ಕಾಲ್‌ಗಳು ಪ್ರೋಗ್ರಾಮರ್‌ಗಳ ಕಣ್ಣಿಗೆ ಅವರೇ ಬರೆದುಕೊಳ್ಳುವ ಫಂಕ್ಷನ್‌ಗಳಂತೆಯೇ ಕಾಣುತ್ತವೆ. ಕರ್ನಲ್‌ನ ಕದ ತಟ್ಟುವ ಕೆಲವೇ ಸಾಲುಗಳ ಅಸೆಂಬ್ಲಿ ತುಣುಕು ಗ್ರಂಥಾಲಯದಲ್ಲಿ ಅಡಗಿರುತ್ತದೆ. ಮನವಿ ತಿರಸ್ಕೃತವಾದರೆ ಸಾಮಾನ್ಯವಾಗಿ ಋಣ ಒಂದು ಎಂಬ ಬೆಲೆ ಮರಳುತ್ತದೆ. ಕಾರಣವನ್ನು ಸೂಚಿಸುವ ಸಂಖ್ಯೆ ಪ್ರತ್ಯೇಕವಾಗಿ ದೊರೆಯುತ್ತದೆ. ಯಂತ್ರ ಬದಲಾದರೆ ಆ ತುಣುಕನ್ನು ಬದಲಿಸಿದರಾಯಿತು, ಕರೆಯುವ ಪ್ರೋಗ್ರಾಂನ ಆ ಸಾಲನ್ನು ಮುಟ್ಟಬೇಕಿಲ್ಲ.

ಈ ವಿನ್ಯಾಸದ ಶಕ್ತಿ ಸಾಬೀತಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಸಿ ಪ್ರೋಗ್ರಾಂಗಳನ್ನು ಬೇರೆ ಬೇರೆ ಗಣಕಗಳಿಗೆ ಒಯ್ಯುವಾಗ ಯಂತ್ರಗಳ ಭೇದಕ್ಕಿಂತ ಆಪರೇಟಿಂಗ್ ಸಿಸ್ಟಂಗಳ ಭೇದವೇ ಹೆಚ್ಚು ಕಾಡುತ್ತದೆ ಎಂಬುದು ರಿಚಿ ಮತ್ತು ಸ್ಟೀವ್ ಜಾನ್ಸನ್ ಅವರ ಅನುಭವಕ್ಕೆ ಬಂದಿತು. ಹಾಗಿದ್ದರೆ ಯುನಿಕ್ಸನ್ನೇ ಒಯ್ಯುವುದು ಲೇಸೆಂದು ಬಗೆದ ಅವರು ಇಂಟರ್‌ಡೇಟಾ 8/32 ಎಂಬ ತೀರಾ ಭಿನ್ನವಾದ ಯಂತ್ರದಲ್ಲಿ ಅದನ್ನು ನೆಲೆಗೊಳಿಸಿ, ಆ ಅನುಭವವನ್ನು 1978ರಲ್ಲಿ ಪ್ರಕಟಿಸಿದರು. ಬ್ರಿಯಾನ್ ಕರ್ನಿಘನ್ ಜೊತೆ ರಿಚಿ ಬರೆದ ಸಿ ಭಾಷೆಯ ಪುಸ್ತಕವೂ ಅದೇ ವರ್ಷ ಹೊರಬಂದು ಜಗತ್ತಿನಾದ್ಯಂತ ವಿದ್ಯಾರ್ಥಿಗಳ ಕೈಪಿಡಿಯಾಯಿತು.

ಈ ಸ್ವಾತಂತ್ರ್ಯಕ್ಕೆ ಇನ್ನೊಂದು ಮುಖವೂ ಉಂಟು. ಸಿ ಭಾಷೆ ಪ್ರೋಗ್ರಾಮರ್‌ಗಳನ್ನು ನಂಬುತ್ತದೆ, ತಡೆಯುವುದಿಲ್ಲ. ಮೀಸಲಿಟ್ಟ ಜಾಗವನ್ನು ಮೀರಿ ಬರೆದರೂ ಅದು ಎಚ್ಚರಿಸದು. 1988ರ ನವೆಂಬರ್‌ನಲ್ಲಿ ಅಂತರ್ಜಾಲದ ಸಾವಿರಾರು ಗಣಕಗಳನ್ನು ಸ್ತಬ್ಧಗೊಳಿಸಿದ ಮೋರಿಸ್ ವರ್ಮ್ ಬಳಸಿಕೊಂಡ ದೋಷಗಳಲ್ಲಿ ಇದೂ ಒಂದು. ಇಂದು ರಸ್ಟ್‌ನಂತಹ ಹೊಸ ಭಾಷೆಗಳು ಇದೇ ದೌರ್ಬಲ್ಯವನ್ನು ಸರಿಪಡಿಸಲು ಹೆಣಗುತ್ತಿವೆ. ಆದರೆ ಆ ಭಾಷೆಗಳೂ ಕಡತ ತೆರೆಯಬೇಕಾದಾಗ ಹೆಚ್ಚಾಗಿ ಮೊರೆ ಹೋಗುವುದು ಸಿ ಗ್ರಂಥಾಲಯವನ್ನೇ.

ರಿಚಿ ಮತ್ತು ಥಾಂಪ್ಸನ್ ಅವರಿಗೆ 1983ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಹಾಗೂ 2011ರ ಜಪಾನ್ ಪ್ರಶಸ್ತಿಯನ್ನೂ ಅವರು ಹಂಚಿಕೊಂಡರು. 2007ರಲ್ಲಿ ನಿವೃತ್ತರಾಗುವವರೆಗೂ ರಿಚಿ ಬೆಲ್ ಪ್ರಯೋಗಾಲಯವನ್ನು ಬಿಡಲಿಲ್ಲ.

2011ರ ಅಕ್ಟೋಬರ್ 5ರಂದು ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ನಿಧನರಾದಾಗ ಜಗತ್ತೇ ಕಂಬನಿ ಮಿಡಿಯಿತು. ಒಂದು ವಾರದ ಬಳಿಕ, ಅಕ್ಟೋಬರ್ 12ರಂದು, ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್‌ನ ಮನೆಯಲ್ಲಿ ಒಬ್ಬಂಟಿಯಾಗಿ ವಾಸಿಸುತ್ತಿದ್ದ 70 ವರ್ಷದ ರಿಚಿ ನಿರ್ಜೀವರಾಗಿ ಕಂಡುಬಂದರು. ಅವರ ಅಗಲಿಕೆ ಅಷ್ಟು ದೊಡ್ಡ ಸುದ್ದಿಯಾಗಲಿಲ್ಲ. ಜಾಬ್ಸ್ ಮಾರಿದ ಗಣಕ ಮತ್ತು ಫೋನುಗಳ ಒಳಗೂ ಯುನಿಕ್ಸ್ ಪರಂಪರೆಯೇ ಇತ್ತು. 1991ರಲ್ಲಿ ಹುಟ್ಟಿ ಇಂದು ಆಂಡ್ರಾಯ್ಡ್ ಫೋನುಗಳಿಗೆ ಆಧಾರವಾಗಿರುವ ಲಿನಕ್ಸ್ ಕರ್ನಲ್ ಕೂಡ ಅದೇ ಓಪನ್, ರೀಡ್, ರೈಟ್ ಕರೆಗಳಿಗೆ ಓಗೊಡುತ್ತದೆ. ಅರ್ಧ ಶತಮಾನ ಕಳೆದರೂ ರಿಚಿ ತೆರೆದ ಆ ಕಿಟಕಿ ಮುಚ್ಚಿಲ್ಲ.