ಆಚಾರ್ಯ ಮ್ಯಾಕ್ಸ್ ಬಾರ್ನ್: ಬೆಂಗಳೂರಿಗೆ ದಕ್ಕದ ವಿದ್ವಾಂಸರು

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ಪ್ರದಕ್ಷಿಣೆ ಮಾಡಿದವರು ಅದರ ಭಿತ್ತಿಯ ಪಟ್ಟಿಕೆಗಳನ್ನು ಮರೆಯಲಾರರು. ಎಲ್ಲಕ್ಕೂ ಕೆಳಗೆ ಭಾರ ಹೊತ್ತ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿ, ಅದಕ್ಕೂ ಮೇಲೆ ಕುದುರೆ ಸವಾರರು. ಪರಮಾಣುವಿನೊಳಗೂ ಇಂತಹುದೇ ಅಂತಸ್ತುಗಳಿವೆ. ಎಲೆಕ್ಟ್ರಾನುಗಳು ಅತ್ಯಲ್ಪ ಶಕ್ತಿಯ ಕೆಳಮಟ್ಟದಿಂದ ಮೊದಲಾಗಿ ಒಂದೊಂದೇ ಸ್ಥಾನವನ್ನು ತುಂಬುತ್ತ ಮೇಲೇರುತ್ತವೆ. ಈ ವ್ಯವಸ್ಥೆಯ ಅರ್ಥವನ್ನು ಲೋಕಕ್ಕೆ ತಿಳಿಸಿದವರಲ್ಲಿ ಅಗ್ರಗಣ್ಯರಾದ ಆಚಾರ್ಯ ಮ್ಯಾಕ್ಸ್ ಬಾರ್ನರು ಒಂದು ಕಾಲಕ್ಕೆ ನಮ್ಮ ಬೆಂಗಳೂರಿನಲ್ಲಿ ನೆಲೆಸಿದ್ದರೆಂಬುದನ್ನು ನೆನೆಯುವವರು ವಿರಳ.

೧೮೮೨ರಲ್ಲಿ ಆಗಿನ ಜರ್ಮನಿಯ ಬ್ರೆಸ್ಲಾವ್ ನಗರದ ಯೆಹೂದ್ಯ ಕುಟುಂಬವೊಂದರಲ್ಲಿ ಜನಿಸಿದ ಬಾರ್ನರು ೧೯೨೧ರಲ್ಲಿ ಗಟ್ಟಿಂಗೆನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. ಮರುವರ್ಷ ಡೆನ್ಮಾರ್ಕಿನ ನೀಲ್ಸ್ ಬೋರರು ಅಲ್ಲಿಗೆ ಬಂದು, ಮೂಲವಸ್ತುಗಳ ಆವರ್ತಕ್ರಮಕ್ಕೆ ಎಲೆಕ್ಟ್ರಾನುಗಳ ಜೋಡಣೆಯೇ ಕಾರಣವೆಂದು ಉಪನ್ಯಾಸಮಾಲೆಯಲ್ಲಿ ನಿರೂಪಿಸಿದರು. ಒಂದು ಸ್ಥಿತಿಯಲ್ಲಿ ಒಂದೇ ಎಲೆಕ್ಟ್ರಾನು ಇರಬಲ್ಲದೆಂಬ ನಿಯಮವನ್ನು ಕಂಡ ಪೌಲಿ, ಸಮಾನ ಶಕ್ತಿಯ ಸ್ಥಾನಗಳಲ್ಲಿ ಅವು ಮೊದಲು ಬಿಡಿಬಿಡಿಯಾಗಿ ನೆಲೆಸಿ ಆಮೇಲೆ ಜೊತೆಗೂಡುವುದನ್ನು ತೋರಿಸಿದ ಹುಂಡ್, ಇಬ್ಬರೂ ಬಾರ್ನರ ಸಹಾಯಕರಾಗಿದ್ದವರೇ. ಎಲೆಕ್ಟ್ರಾನಿನ ತರಂಗವು ಸಂಭವನೀಯತೆಯ ಲೆಕ್ಕವೆಂದು ಬಾರ್ನರು ೧೯೨೬ರಲ್ಲಿ ಸಾರಿದರು. ಅದು ಗ್ರಹದಂತೆ ಗೊತ್ತಾದ ಹಾದಿಯಲ್ಲಿ ಸುತ್ತುವುದಿಲ್ಲ. ಎಲ್ಲಿ ದೊರೆಯಬಹುದೆಂಬುದನ್ನಷ್ಟೇ ಗಣಿತ ಹೇಳಬಲ್ಲದು. ಅಂತಸ್ತುಗಳೂ ಶಿಲ್ಪಿಯ ಸಾಲುಗಳಷ್ಟು ನೇರವಲ್ಲ. ಮೂರನೆಯದರಲ್ಲಿ ಹತ್ತು ಸ್ಥಾನಗಳು ಬರಿದಾಗಿರುವಾಗಲೇ ಪೊಟ್ಯಾಸಿಯಮ್ಮಿನ ಹತ್ತೊಂಬತ್ತನೆಯ ಎಲೆಕ್ಟ್ರಾನು ನಾಲ್ಕನೆಯದನ್ನು ಸೇರುತ್ತದೆ. ಅಲ್ಲಿಂದ ಅದು ಪರಮಾಣುವಿನ ಕೇಂದ್ರದ ಸಮೀಪಕ್ಕೆ ನುಸುಳಬಲ್ಲದಾದುದರಿಂದ ಅದರ ಶಕ್ತಿ ಕಡಿಮೆ.

೧೯೩೩ರಲ್ಲಿ ಹಿಟ್ಲರನ ಸರಕಾರವು ಯೆಹೂದ್ಯರೆಂಬ ಕಾರಣಕ್ಕೆ ಅವರನ್ನು ಪದವಿಯಿಂದ ತೊಲಗಿಸಿತು. ಕೇಂಬ್ರಿಡ್ಜಿನಲ್ಲಿ ತಾತ್ಕಾಲಿಕ ಆಶ್ರಯ ಪಡೆದಿದ್ದ ಅವರನ್ನು ಸರ್ ಸಿ. ವಿ. ರಾಮನ್ನರು ೧೯೩೫ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬರಮಾಡಿಕೊಂಡರು. ಸುಮಾರು ಆರು ತಿಂಗಳು ಪತ್ನೀಸಮೇತರಾಗಿ ಇಲ್ಲಿದ್ದ ಬಾರ್ನರು ಉಪನ್ಯಾಸಗಳನ್ನು ಕೊಟ್ಟರು. ನಾಗೇಂದ್ರನಾಥರೊಡನೆ ಬೆಳಕಿನ ಸಿದ್ಧಾಂತವೊಂದನ್ನು ಕುರಿತು ಸಂಶೋಧನೆ ನಡೆಸಿದರು. ಅವರಿಗೆ ಸ್ಥಿರವಾದ ಪೀಠವೊಂದನ್ನು ಕೊಡಬೇಕೆಂದು ರಾಮನ್ನರು ಪಟ್ಟುಹಿಡಿದರು. ಆದರೆ ಬಾರ್ನರು ಸಭೆಯಲ್ಲಿ ಕುಳಿತಿರುವಾಗಲೇ ಆಂಗ್ಲ ಪ್ರಾಧ್ಯಾಪಕನೊಬ್ಬನೆದ್ದು, ಸ್ವದೇಶದಿಂದ ಹೊರದೂಡಲ್ಪಟ್ಟ ಎರಡನೆಯ ದರ್ಜೆಯ ಪರದೇಶೀಯರು ಈ ಮಂದಿರಕ್ಕೆ ತಕ್ಕವರಲ್ಲವೆಂಬ ಅರ್ಥದಲ್ಲಿ ಮಾತನಾಡಿದನು. ಆ ದಿನ ಮನೆಗೆ ಮರಳಿ ತಾವು ಅತ್ತುದನ್ನು ಬಾರ್ನರು ಮುಚ್ಚಿಡದೆ ಬರೆದಿದ್ದಾರೆ. ಟಾಟಾರವರ ದಾನದಿಂದ, ಮೈಸೂರು ಸಂಸ್ಥಾನವು ಕೊಟ್ಟ ಭೂಮಿಯ ಮೇಲೆ ನಿಂತ ಮಂದಿರದಲ್ಲಿ ನಮ್ಮ ಅತಿಥಿಯನ್ನು ಪರದೇಶೀಯನೆಂದು ಹಳಿಯುವ ಅಧಿಕಾರ ಆ ಆಂಗ್ಲನಿಗೆಲ್ಲಿಂದ ಬಂದಿತೋ!

ಪೀಠ ದೊರೆಯಲಿಲ್ಲ. ೧೯೩೬ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯವು ಅವರನ್ನು ಕರೆದುಕೊಂಡಿತು. ೧೯೫೩ರವರೆಗೆ ಅಲ್ಲಿಯೇ ಶಿಷ್ಯರನ್ನು ಬೆಳೆಸಿದರು. ಮರುವರ್ಷ, ಸಂಭವನೀಯತೆಯ ಆ ಹಳೆಯ ವಿಚಾರಕ್ಕಾಗಿಯೇ, ನೊಬೆಲ್ ಪಾರಿತೋಷಕ ಬಂದಿತು. ೧೯೭೦ರ ಜನವರಿಯಲ್ಲಿ ಬಾರ್ನರು ಗಟ್ಟಿಂಗೆನ್ನಿನಲ್ಲಿ ಕಾಲವಾದರು. ಅದೇ ವರ್ಷದ ನವೆಂಬರಿನಲ್ಲಿ, ಬೆಂಗಳೂರಿನಲ್ಲಿ, ರಾಮನ್ನರು.